ಗುಂಡು ಲೂಮಿನಲ್ಲಿ ಕುಲಾವಿ: ನೂಲು ಸುತ್ತುವ ಕಡೆ ನಾನು ಎಡವಿದ್ದು

ಎರಡು ಕಡ್ಡಿ ಹಿಡಿದು ಹೆಣೆಯಲು ಕೂತಾಗಲೆಲ್ಲ ಕುಣಿಕೆಗಳು ಜಾರಿಹೋಗುತ್ತಿದ್ದವು. ಸುತ್ತಲೂ ಗೂಟಗಳಿರುವ ಬಳೆಯಾಕಾರದ ಗುಂಡು ಲೂಮಿನಲ್ಲಿ ಆ ಭಯವಿಲ್ಲ. ಪ್ರತಿ ಕುಣಿಕೆಗೂ ಒಂದು ಗೂಟವಿದೆ. ಅರ್ಧಕ್ಕೆ ಬಿಟ್ಟು ಎದ್ದರೂ ಅಲ್ಲೇ ಕಾದಿರುತ್ತದೆ. ಲೂಮ್ ಎಂದೊಡನೆ ಮಗ್ಗವನ್ನು ನೆನೆಯಬೇಡಿ. ಇಲ್ಲಿ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಕುಣಿಕೆಯೊಳಗಿಂದ ಕುಣಿಕೆ ಹುಟ್ಟುತ್ತಾ ಬಟ್ಟೆ ಬೆಳೆಯುತ್ತದೆ.

ಅಂಗಡಿಯಲ್ಲಿ ಸಿಗುವ ಸೆಟ್‌ಗಳಲ್ಲಿ ಸಾಮಾನ್ಯವಾಗಿ 24, 31, 36, 41 ಗೂಟಗಳ ಬಳೆಗಳಿರುತ್ತವೆ. ಅಕ್ಕನ ಮಗುವಿನ ಕುಲಾವಿಗೆ ನಾನು 24ರದ್ದನ್ನು ಆರಿಸಿಕೊಂಡೆ. ಗೂಟಗಳ ನಡುವೆ ಅಂತರ ಹೆಚ್ಚಿರುವುದರಿಂದ ಮಾಮೂಲಿ ಉಲ್ಲನ್ ದಾರವನ್ನು ಎರಡೆಳೆ ಸೇರಿಸಿಯೇ ಹಿಡಿಯಬೇಕು, ಇಲ್ಲವಾದರೆ ಬಲೆಯಂತಾಗುತ್ತದೆ.

ಬಳೆಯ ಪಕ್ಕದ ಒಂಟಿ ಗೂಟಕ್ಕೆ ಜೀರುಕುಣಿಕೆ ಹಾಕಿ ದಾರವನ್ನು ಒಳಗೆ ತನ್ನಿ. ಇನ್ನು ಮುಂದಿನದೇ ನನ್ನನ್ನು ಮೂರು ಸಂಜೆ ಕಾಡಿದ ಹಂತ. ನೀವು ಎಡದಿಂದ ಬಲಕ್ಕೆ ಸಾಗುತ್ತಿದ್ದರೆ, ದಾರ ಗೂಟದ ಹಿಂದೆ, ಅಂದರೆ ಬಳೆಯ ಒಳಗೆ, ಬಲಕ್ಕೆ ಹೋಗಬೇಕು. ಬಲಬದಿಯಿಂದ ಹೊರಬಂದು, ಮುಂದುಗಡೆ ಎಡಕ್ಕೆ ಹಾದು, ಎಡಬದಿಯಿಂದ ಮತ್ತೆ ಒಳಹೊಕ್ಕು, ತನ್ನನ್ನೇ ದಾಟಿ ಪಕ್ಕದ ಗೂಟಕ್ಕೆ ಹೋಗಬೇಕು. ಗೂಟಕ್ಕೆ ಪೂರ್ತಿ ಒಂದು ಸುತ್ತು. ಹೀಗೆ ಬಳೆಯ ಎಲ್ಲ ಗೂಟಗಳನ್ನೂ ಎರಡು ಬಾರಿ ಸುತ್ತಿ ಬಂದ ಮೇಲೆ, ಗೂಟದ ಹೊರಮೈಯ ಗೀರಿನಲ್ಲಿ ಕೊಕ್ಕೆಯ ತುದಿ ತೂರಿಸಿ, ಕೆಳಗಿನ ಕುಣಿಕೆಯನ್ನು ಎತ್ತಿ ಗೂಟದ ತಲೆಯ ಮೇಲಿಂದ ಒಳಗೆ ಬಿಡಿ. ಮತ್ತೆ ಸುತ್ತು, ಮತ್ತೆ ಎತ್ತು. ಸುತ್ತುತ್ತಲೇ ಹೆಣೆಯುವುದರಿಂದ ನೇರ ಮುಖ ಸದಾ ಹೊರಗೇ ಬೀಳುತ್ತದೆ.

ನಾನು ಐದನೆಯ ಸುತ್ತಿನಿಂದ ದಾರವನ್ನು ಸುತ್ತದೆ, ಗೂಟದ ಮುಂದೆ ಸುಮ್ಮನೆ ಅಡ್ಡ ಹಾಯಿಸುತ್ತಿದ್ದೆ. ಕೆಳಗಿನ ಕುಣಿಕೆ ಎತ್ತಲು ಬರುತ್ತಿದ್ದುದರಿಂದ ತಪ್ಪು ತಿಳಿಯಲಿಲ್ಲ. ನಾಲ್ಕು ಸುತ್ತು ಕಳೆಯುವಷ್ಟರಲ್ಲಿ ಕೊಕ್ಕೆ ತೂರದಷ್ಟು ಬಿಗಿಯಾಗಿ, ಕುಲಾವಿ ಬಾಯಿ ಕಟ್ಟಿದ ಚೀಲದಂತೆ ನಡುವೆ ಹಿಂಡಿಕೊಂಡಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ: ಕೆಳಗಿನ ಸಾಲುಗಳಲ್ಲಿ ಕುಣಿಕೆಯ ಬುಡ ಕತ್ತರಿಯಂತೆ ಒಂದರ ಮೇಲೊಂದು ಹಾಯ್ದಿದೆ, ಮೇಲಿನವುಗಳಲ್ಲಿ ಬುಡ ಬಿಚ್ಚಿದೆ. ಬಿಚ್ಚಿದ ಬುಡವೂ ತಪ್ಪಲ್ಲ. ಕಡ್ಡಿಯಲ್ಲಿ ಹೆಣೆದ ನೇರ ಹೆಣಿಗೆ ಇರುವುದೇ ಹಾಗೆ. ಅದೇ ಬೇಕೆಂದರೆ ದಾರವನ್ನು ಗೂಟದ ಎರಡೂ ಬದಿಗೆ ತುಸು ಬಳಸಿ ಸಡಿಲ ಬಿಡಬೇಕು. ಒಂದೇ ಕುಲಾವಿಯಲ್ಲಿ ಎರಡನ್ನೂ ಬೆರೆಸಿದ್ದರಿಂದ ಅಳತೆ ಕೆಟ್ಟಿತು.

ಈಗ ಪ್ರತಿ ಸುತ್ತಿನಲ್ಲೂ ಬಳೆಯನ್ನು ಮೇಲಿಂದ ಇಣುಕಿ ನೋಡುತ್ತೇನೆ. ಪ್ರತಿ ಗೂಟದ ಹಿಂದೆಯೂ ದಾರ ದಾರವನ್ನು ದಾಟಿರಬೇಕು. ದಾಟದ ಗೂಟ ತಕ್ಷಣ ಕಣ್ಣಿಗೆ ಬೀಳುತ್ತದೆ, ಎತ್ತುವ ಮೊದಲೇ ಸರಿಪಡಿಸಬಹುದು.

ಅಂಚು ಮಡಚಬೇಕಿದ್ದರೆ ಹನ್ನೆರಡು ಸುತ್ತಿನ ಬಳಿಕ ಮೊದಲ ಸಾಲಿನ ಕುಣಿಕೆಗಳನ್ನು ಗೂಟಗಳಿಗೆ ಏರಿಸಿ, ಕೆಳಗಿನದನ್ನು ಅದರ ಮೇಲೆ ದಾಟಿಸಿ. ಮುಗಿಸುವಾಗ ಬಳೆಯ ಸುತ್ತಳತೆಯ ಎರಡರಷ್ಟು ದಾರ ಬಿಟ್ಟು ಕತ್ತರಿಸಿ, ದಬ್ಬಳದಿಂದ ಎಲ್ಲ ಕುಣಿಕೆಗಳೊಳಗೆ ಪೋಣಿಸಿ, ಗೂಟಗಳಿಂದ ಕಳಚಿ ಎಳೆಯಿರಿ. ನೆತ್ತಿಯಲ್ಲಿ ನಾಣ್ಯದಷ್ಟು ತೂತು ಉಳಿದರೆ ಜೋರಾಗಿ ಎಳೆಯಬೇಡಿ, ದಾರ ತುಂಡಾಗುತ್ತದೆ. ಒಳಮುಖ ಮಾಡಿ ಅಡ್ಡಡ್ಡ ನಾಲ್ಕು ಹೊಲಿಗೆ ಹಾಕಿ.