ಹಿಂದಿನ ಚಕ್ರದ ಮೇಲೆ ನಾಲ್ಕು ಜನ

ಕಾಸರಗೋಡಿನ ಪೆರ್ಲದಿಂದ ನಮ್ಮ ಮನೆಗೆ ಬರುವಾಗ ಕೊನೆಯ ಅರ್ಧ ಕಿಲೋಮೀಟರಿಗೆ ಡಾಮರು ಇಲ್ಲ. ಮುರಕಲ್ಲಿನ ಗುಡ್ಡೆ ಕಡಿದು ಮಾಡಿದ ಏರುದಾರಿ. ಜುಲೈಯಲ್ಲಿ ಅದರ ಮೇಲೆಲ್ಲ ಕೆಂಪು ಕೆಸರು. ನಾವೆಲ್ಲ ‘ಇಚ್ಚ’ ಎಂದು ಕರೆಯುವ ಜೀಪಿನವರು ಏರಿನ ಬುಡದಲ್ಲಿ ಗಾಡಿ ನಿಲ್ಲಿಸುತ್ತಾರೆ. ಮುಂದೆ ಕೂತವರನ್ನು ಇಳಿಸುತ್ತಾರೆ. "ಎಲ್ಲ ಹಿಂದೆ ಹತ್ತಿ ಮಾರಾಯ್ರೆ" ಎನ್ನುತ್ತಾರೆ. ನಾಲ್ಕು ಜನ ಹಿಂದೆ ಒತ್ತಿಕೊಂಡು ಕೂತ ಮೇಲೆ, ಖಾಲಿ ಇದ್ದಾಗ ಹತ್ತದ ಜೀಪು ನಿಧಾನಕ್ಕೆ ಹತ್ತಿಬಿಡುತ್ತದೆ. ಭಾರ ಜಾಸ್ತಿ ಮಾಡಿದರೆ ಗಾಡಿ ಹತ್ತುತ್ತದೆ! ಸಣ್ಣವನಿದ್ದಾಗ ನನಗೆ ಇದು ದೊಡ್ಡ ಒಗಟು.

ಮೊನ್ನೆ ಚಳಿಗಾಲದಲ್ಲಿ ತಂಗಿಯ ಮಗ ಮ್ಯೂನಿಕ್‌ನಿಂದ ಒಂದು ವಿಡಿಯೋ ಕಳಿಸಿದ. ಆಸೆಪಟ್ಟು ಕೊಂಡ ಎರಡು ಸೀಟಿನ ಸ್ಪೋರ್ಟ್ಸ್ ಕಾರು, ಹಿಂದಿನ ಚಕ್ರದಲ್ಲಿ ಓಡುವಂಥದ್ದು. ರಾತ್ರಿ ಹಿಮ ಬಿದ್ದಿದೆ. ಕಾರು ನಿಲ್ಲಿಸಿದ ಜಾಗದಿಂದ ಒಂದು ಮೀಟರೂ ಮುಂದೆ ಬರಲಿಲ್ಲ. ಚಕ್ರ ಗಿರ್ರೆಂದು ತಿರುಗುತ್ತದೆ, ಕಾರಿನ ಹಿಂಭಾಗ ಮಾತ್ರ ಏಡಿಯ ಹಾಗೆ ಅಡ್ಡಕ್ಕೆ ನಡೆಯುತ್ತದೆ. ಪಕ್ಕದಲ್ಲಿ ಒಬ್ಬ ಅಜ್ಜಿ ತನ್ನ ಹಳೇ ಸಣ್ಣ ಕಾರಿನಲ್ಲಿ ಸುಮ್ನೆ ಹೊರಟುಹೋದರು. "ಮಾವ, ನನ್ನ ಇಂಜಿನ್ ಅವರದ್ದಕ್ಕಿಂತ ಮೂರು ಪಟ್ಟು ದೊಡ್ಡದು" ಎಂದು ಗೋಳಾಡಿದ.

ಇಂಜಿನ್ ಎಷ್ಟು ದೊಡ್ಡದಾದರೂ ಕಾರನ್ನು ಮುಂದಕ್ಕೆ ತಳ್ಳುವುದು ಟೈರು ನೆಲಕ್ಕೆ ತಾಗುವ ಜಾಗ. ಒಂದೊಂದು ಟೈರಿಗೆ ಅದು ನಮ್ಮ ಅಂಗೈಯಷ್ಟು. ಅಲ್ಲಿ ಸಿಗುವ ಹಿಡಿತ ಎರಡು ಸಂಗತಿಗಳ ಗುಣಾಕಾರ: ಆ ಚಕ್ರದ ಮೇಲೆ ಕೂತ ಭಾರ ಮತ್ತು ನೆಲದ ಜಾತಿ. ಒಣ ಡಾಮರಿನಲ್ಲಿ ನೆಲದ ಲೆಕ್ಕ ಸುಮಾರು 0.8. ಗಟ್ಟಿಯಾಗಿ ಕೂತ ಹಿಮದಲ್ಲಿ 0.2, 0.3. ಐಸಿನ ಮೇಲೆ 0.1, ಕೆಲವೊಮ್ಮೆ ಅದಕ್ಕೂ ಕಡಿಮೆ.

ಈ ಅಂಕಿಯನ್ನು ತೋಟದಲ್ಲಿ ನಿಂತು ನೋಡಬಹುದು. ಅಡಿಕೆ ಮರಗಳ ನಡುವೆ 2.7 ಮೀಟರ್ ಅಂತರ ಇದೆ ಎಂದುಕೊಳ್ಳಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬಂದು ಬ್ರೇಕ್ ಒತ್ತಿದರೆ ಒಣ ಡಾಮರಿನಲ್ಲಿ ಕಾರು ಸುಮಾರು 8 ಮೀಟರಿನಲ್ಲಿ ನಿಲ್ಲುತ್ತದೆ, ಅಂದರೆ ಮೂರು ಮರ. ಐಸಿನ ಮೇಲೆ 63 ಮೀಟರ್. ಇಪ್ಪತ್ತಮೂರು ಮರ ದಾಟಿ ಹೋಗುತ್ತೀರಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ.

ಇನ್ನು ಭಾರದ ವಿಷಯ. ಅಜ್ಜಿಯ ಕಾರಿನಂಥ ಮುಂಚಕ್ರದ ಗಾಡಿಗಳಲ್ಲಿ ಇಂಜಿನ್, ಗೇರುಪೆಟ್ಟಿಗೆ ಎಲ್ಲ ಮುಂದೆ. ನೂರಕ್ಕೆ ಸುಮಾರು ಅರವತ್ತು ಪಾಲು ತೂಕ ಎಳೆಯುವ ಚಕ್ರದ ಮೇಲೆಯೇ ಕೂತಿರುತ್ತದೆ. ಅಳಿಯನ ಕಾರಿನಲ್ಲಿ ಇಂಜಿನ್ ಮುಂದೆ, ದುಡಿಯುವ ಚಕ್ರ ಹಿಂದೆ. ತೂಕ ಮುಂದೆ ಹಿಂದೆ ಸಮಪಾಲು. ಒಣ ರಸ್ತೆಯಲ್ಲಿ ಇದು ತೊಂದರೆಯೇ ಅಲ್ಲ, ಏಕೆಂದರೆ ಜೋರಾಗಿ ಹೊರಟಾಗ ಕಾರಿನ ಭಾರ ಹಿಂದಕ್ಕೆ ವಾಲುತ್ತದೆ. ಬಸ್ಸು ಹೊರಟಾಗ ನಿಂತವರು ಹಿಂದಕ್ಕೆ ವಾಲುವ ಹಾಗೆ. ದುಡಿಯುವ ಚಕ್ರಕ್ಕೆ ಬೇಕಾದ ಹೊತ್ತಿಗೇ ಭಾರ ಸಿಗುತ್ತದೆ. ಓಟದ ಕಾರುಗಳು ಹಿಂಚಕ್ರವನ್ನು ಇಷ್ಟಪಡುವುದಕ್ಕೆ ಇದೂ ಒಂದು ಕಾರಣ. ಹಿಮದಲ್ಲಿ ಜೋರಾಗಿ ಹೊರಡಲು ಆಗುವುದೇ ಇಲ್ಲ. ಹಾಗಾಗಿ ಭಾರ ವಾಲುವುದೂ ಇಲ್ಲ. ಉಪಾಯ ಬೇಕಾದ ದಿನವೇ ಕೈಕೊಡುತ್ತದೆ.

ಇಚ್ಚನ ಜೀಪಿನಲ್ಲಿ ಆ ಕೊರತೆ ತುಂಬಿದ್ದು ನಾವು ನಾಲ್ಕು ಜನ. ಇಂಜಿನನ್ನೇ ಹಿಂದೆ ಕೂರಿಸಿದವರೂ ಇದ್ದಾರೆ. ಪೋರ್ಶೆ 911ರಲ್ಲಿ ಇಂಜಿನ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. ಆಲ್ಪ್ಸ್ ಬೆಟ್ಟಗಳ ಹಿಮದ ದಾರಿಯಲ್ಲಿ ಜನವರಿಯಲ್ಲಿ ನಡೆಯುವ ಮಾಂಟೆ ಕಾರ್ಲೊ ರ್‍ಯಾಲಿಯನ್ನು ಅದು 1968, 1969, 1970ರಲ್ಲಿ ಸಾಲಾಗಿ ಮೂರು ಸಲ ಗೆದ್ದಿತು. ನಮ್ಮ ಆಟೋದ ಜಾತಕವೂ ಇದೇ ನೋಡಿ. ಇಂಜಿನ್ ಹಿಂದೆ, ಬಾಡಿಗೆಯವರು ಹಿಂದೆ, ದುಡಿಯುವ ಚಕ್ರವೂ ಹಿಂದೆ. ಬದಿಯಡ್ಕದ ಆಟೋದವರು ಮಳೆಗಾಲದಲ್ಲಿ ಎಂಥೆಂಥ ಗುಡ್ಡೆ ಹತ್ತಿಸುತ್ತಾರೆ ಅಲ್ವಾ? ಆದರೆ ಮುಂದೆ ಭಾರ ಇಲ್ಲದ ಕಾರಣ ಕೆಸರಿನಲ್ಲಿ ಹ್ಯಾಂಡಲ್ ತಿರುಗಿಸಿದರೂ ಕೆಲವೊಮ್ಮೆ ನೇರ ಚರಂಡಿಗೇ ಹೋಗುತ್ತದೆ.

ಹೊರಡುವುದು ಒಂದು ಕಷ್ಟ. ಹೊರಟ ಮೇಲೆ ತಿರುವಿನಲ್ಲಿ ಇನ್ನೊಂದು ಕಾದಿರುತ್ತದೆ, ನನಗೆ ಹೆಚ್ಚು ಕುತೂಹಲ ಇರುವುದು ಅದರಲ್ಲಿ. ನಮ್ಮ ಕಡೆ ನೀರಿಗಾಗಿ ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗ ಇರುತ್ತದೆ, ಏಪ್ರಿಲ್‌ನಲ್ಲಿ ಅದರ ನೀರು ಸಣ್ಣಗಾಗುತ್ತದೆ. ತೋಟಕ್ಕೆ ಬಿಟ್ಟರೆ ಅಡುಗೆಮನೆಗೆ ಇಲ್ಲ. ಟೈರಿನ ಹಿಡಿತವೂ ಹಾಗೆ, ಒಂದೇ ತೊಟ್ಟಿ. ಮುಂದೆ ತಳ್ಳುವುದಕ್ಕೆ, ಬ್ರೇಕ್ ಹಿಡಿಯುವುದಕ್ಕೆ, ತಿರುವಿನಲ್ಲಿ ಅಡ್ಡ ಜಾರದಂತೆ ತಡೆಯುವುದಕ್ಕೆ ಎಲ್ಲಕ್ಕೂ ಅಲ್ಲಿಂದಲೇ ತೆಗೆಯಬೇಕು. ಆದರೆ ಹಂಚುವ ಲೆಕ್ಕ ಸ್ವಲ್ಪ ವಿಚಿತ್ರ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಇಲ್ಲಿ ಬರುತ್ತಾನೆ: ತಳ್ಳುವುದು ಮತ್ತು ಅಡ್ಡ ತಡೆಯುವುದು ಲಂಬಕೋನದ ಎರಡು ಬದಿ, ಒಟ್ಟು ಹಿಡಿತ ಅದರ ಕರ್ಣ. ಹಿಡಿತದ ಅರ್ಧವನ್ನು ತಳ್ಳುವುದಕ್ಕೆ ಕೊಟ್ಟರೂ ಅಡ್ಡಕ್ಕೆ ನೂರಕ್ಕೆ 87 ಪಾಲು ಉಳಿಯುತ್ತದೆ. ಎಂಬತ್ತು ಕೊಟ್ಟರೆ ಅರವತ್ತು. ನೂರು ಕೊಟ್ಟರೆ ಸೊನ್ನೆ. ಮೊದಮೊದಲು ಏನೂ ಆಗದ ಹಾಗೆ ಇರುತ್ತದೆ, ಕೊನೆಗೆ ಒಮ್ಮೆಲೇ ಕುಸಿಯುತ್ತದೆ. "ಚೆನ್ನಾಗೇ ಹೋಗ್ತಿತ್ತು ಮಾವ, ಒಂದು ಕ್ಷಣದಲ್ಲಿ ತಿರುಗಿಬಿಡ್ತು" ಎಂದು ಅಳಿಯ ಹೇಳಿದ್ದು ಇದನ್ನೇ.

ಮುಂಚಕ್ರದ ಕಾರಿನಲ್ಲಿ ಆಕ್ಸಲರೇಟರ್ ಜಾಸ್ತಿ ಒತ್ತಿದರೆ ಜಾರುವುದು ಮೂತಿ. ತಿರುಗಬೇಕಾದದ್ದು ನೇರ ಹೋಗುತ್ತದೆ. ಹಿಂಚಕ್ರದ ಕಾರಿನಲ್ಲಿ ಜಾರುವುದು ಬಾಲ. ಚಿಕ್ಕಂದಿನಲ್ಲಿ ಅಡಿಕೆ ಹಾಳೆಯಲ್ಲಿ ಕೂತು ಎಳೆಸಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಳೆಯುವವ ಓಡುತ್ತ ಅಂಗಳದ ಮೂಲೆಯಲ್ಲಿ ಪಕ್ಕನೆ ತಿರುಗಿದರೆ, ಕೂತವ ಹಾಳೆ ಸಮೇತ ಹೊರಕ್ಕೆ ಬೀಸಿ ತುಳಸಿಕಟ್ಟೆಗೆ ತಾಗುತ್ತಿದ್ದ. ಹಾಳೆಗೆ ಮುಂದೆ, ಹಿಂದೆ, ಅಡ್ಡ ಎಂಬ ಭೇದವಿಲ್ಲ. ಸುಮ್ಮನೆ ಗಿರ್ರೆಂದು ತಿರುಗುವ ಚಕ್ರವೂ ಹೆಚ್ಚುಕಡಿಮೆ ಹಾಳೆಯೇ.

ಬಾಲ ಎಡಕ್ಕೆ ಹೋದರೆ ಸ್ಟೀರಿಂಗನ್ನೂ ಎಡಕ್ಕೆ ತಿರುಗಿಸಬೇಕು. ಕಾರು ನೆಟ್ಟಗಾಗುತ್ತಿದ್ದಂತೆ ಸ್ಟೀರಿಂಗನ್ನೂ ವಾಪಸು ತರಬೇಕು. ತಡವಾದರೆ ಬಾಲ ಬಲಕ್ಕೆ ಇನ್ನೂ ಜೋರಾಗಿ ಬೀಸುತ್ತದೆ. ಇನ್ನೊಂದು ಮೋಸ ಇದೆ. ಗಾಬರಿಯಲ್ಲಿ ಆಕ್ಸಲರೇಟರಿನಿಂದ ಕಾಲನ್ನು ಪೂರ್ತಿ ತೆಗೆದರೆ ಇಂಜಿನ್ ಚಕ್ರವನ್ನು ಹಿಡಿದೆಳೆಯುತ್ತದೆ. ಹಿಂಚಕ್ರದ ಗಾಡಿಯಲ್ಲಿ ಆ ಎಳೆತ ಪೂರ್ತಿ ಹಿಂದಿನ ಚಕ್ರಕ್ಕೇ, ಯಾರೋ ಹ್ಯಾಂಡ್‌ಬ್ರೇಕ್ ಎಳೆದ ಹಾಗೆ. ಕ್ಲಚ್ ಇರುವ ಕಾರಾದರೆ ಕ್ಲಚ್ ಒತ್ತಿ ಚಕ್ರವನ್ನು ಅದರ ಪಾಡಿಗೆ ಉರುಳಲು ಬಿಡುವುದು ಒಳ್ಳೆಯದು. 1995ರಿಂದ ಕಾರುಗಳಿಗೆ ಬರತೊಡಗಿದ ಇಎಸ್‌ಪಿ ಎಂಬ ಜಾರು ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕಿ ಇದರಲ್ಲಿ ಬಹಳಷ್ಟನ್ನು ತಾನೇ ಸಂಭಾಳಿಸುತ್ತದೆ. ಆದರೆ ಅದೂ ಅದೇ ತೊಟ್ಟಿಯ ನೀರನ್ನೇ ಹಂಚಬೇಕು.

ಅಳಿಯನ ಅನುಭವದಲ್ಲಿ ನನಗೆ ಆಶ್ಚರ್ಯವಾದದ್ದು ಬೇರೆ. ಚಳಿ ಸೊನ್ನೆಗಿಂತ 15 ಡಿಗ್ರಿ ಕೆಳಗಿದ್ದ ದಿನ ಪರವಾಗಿರಲಿಲ್ಲವಂತೆ. ಸೊನ್ನೆಯ ಆಸುಪಾಸಿನ ದಿನವೇ ಭಯಂಕರ. ಐಸು ಯಾಕೆ ಜಾರುತ್ತದೆ ಎಂದರೆ, ಮೇಲಿನ ಒತ್ತಡಕ್ಕೆ ಕರಗಿ ನೀರಾಗುತ್ತದೆ ಎಂದು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಕಾರಿನ ಟೈರಿನ ಒತ್ತಡ ಐಸಿನ ಕರಗುವ ಬಿಂದುವನ್ನು ಇಳಿಸುವುದು ಒಂದು ಡಿಗ್ರಿಯ ನೂರರಲ್ಲಿ ಒಂದೆರಡು ಪಾಲು ಮಾತ್ರ. ವಿಜ್ಞಾನಿ ಫ್ಯಾರಡೆ 1850ರಲ್ಲೇ ಬೇರೆ ದಾರಿ ತೋರಿಸಿದ್ದ. ಫ್ರಿಜ್ಜಿನಿಂದ ಎರಡು ಐಸ್ ತುಂಡು ತೆಗೆದು, ಸ್ವಲ್ಪ ಬೆವರಿದ ಮೇಲೆ ಒಂದಕ್ಕೊಂದು ಒತ್ತಿ ಹಿಡಿಯಿರಿ. ಅಂಟಿಕೊಳ್ಳುತ್ತವೆ. ಐಸಿನ ಮೈಮೇಲೆ ಯಾವಾಗಲೂ ನೀರಿನಂಥ ತೆಳು ಪದರ ಇರುತ್ತದೆ, ಎರಡು ಮೈಗಳ ನಡುವೆ ಸಿಕ್ಕಿದಾಗ ಅದು ಗಟ್ಟಿಯಾಗುತ್ತದೆ ಎಂದು ಅವನ ಊಹೆ. ಮೇಲ್ಮೈಯ ಅಣುಗಳಿಗೆ ಮೇಲಿನಿಂದ ಹಿಡಿದುಕೊಳ್ಳಲು ಯಾರೂ ಇಲ್ಲದ ಕಾರಣ ಅವು ಸಡಿಲ. ಸೊನ್ನೆಯ ಹತ್ತಿರ ಬಂದಂತೆ ಸಡಿಲ ಜಾಸ್ತಿ. ಟೈರು ಉಜ್ಜಿದ ಬಿಸಿಯೂ ಅದಕ್ಕೆ ಸೇರುತ್ತದೆ. ಒಣ ಅಂಗಳಕ್ಕೂ ಪಾಚಿ ಹಿಡಿದ ಅಂಗಳಕ್ಕೂ ಇರುವ ವ್ಯತ್ಯಾಸವೇ ಇಲ್ಲೂ.

ಪಾಚಿಗೆ ನಾವು ಸೋಗೆ ಹಾಸುತ್ತೇವೆ. ಅವರು ಮರಳು, ಉಪ್ಪು ಚೆಲ್ಲುತ್ತಾರೆ. ಕೊಡಗಿನ ಕಡೆ ಜೀಪಿನ ಚಕ್ರಕ್ಕೆ ಚೈನ್ ಕಟ್ಟುತ್ತಾರಲ್ಲ, ಅದು ಅಲ್ಲೂ ಉಂಟು. ಎಲ್ಲಕ್ಕಿಂತ ದೊಡ್ಡ ಮದ್ದು ಚಳಿಗಾಲದ ಟೈರು. ಬೇಸಿಗೆ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗುತ್ತ ಹೋಗುತ್ತದೆ. ಚಳಿಗಾಲದ್ದು ಮೆತ್ತಗೆ ಉಳಿಯುತ್ತದೆ. ಅದರ ಮೈತುಂಬ ಇರುವ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಒಳಗೆ ಇಟ್ಟುಕೊಳ್ಳುತ್ತವೆ, ಏಕೆಂದರೆ ಹಿಮಕ್ಕೆ ರಬ್ಬರಿಗಿಂತ ಹಿಮವೇ ಚೆನ್ನಾಗಿ ಅಂಟುತ್ತದೆ. ಸ್ಪೋರ್ಟ್ಸ್ ಕಾರಿನ ಅಗಲ ಟೈರು ನೋಡಲು ಚಂದ. ಆದರೆ ಹೊಸ ಹಿಮದ ಮೇಲೆ ಅದು ತೇಲುತ್ತದೆ, ಸಪೂರ ಟೈರು ಕೆಳಗಿನ ಗಟ್ಟಿ ನೆಲದವರೆಗೆ ಸೀಳಿಕೊಂಡು ಹೋಗುತ್ತದೆ.

ಅಳಿಯ ಟೈರು ಬದಲಿಸಿದ. ಎರಡನೇ ಗೇರಿನಲ್ಲಿ ಮೆತ್ತಗೆ ಹೊರಡುವುದನ್ನು ಕಲಿತ. ನಾನು ಇಚ್ಚನ ವಿದ್ಯೆಯನ್ನೂ ಹೇಳಿಕೊಟ್ಟೆ: "ಡಿಕ್ಕಿಯಲ್ಲಿ ಎರಡು ಮರಳಿನ ಮೂಟೆ ಇಡೋ, ಬ್ರೇಕ್ ಹಾಕಿದಾಗ ಹಾರಿ ಬಾರದ ಹಾಗೆ ಬಿಗಿದು ಕಟ್ಟು." ಎರಡು ಸೀಟಿನ ಕಾರಿನ ಡಿಕ್ಕಿ, ಒಂದೇ ಮೂಟೆಗೆ ತುಂಬಿಹೋಯಿತಂತೆ. ಇಚ್ಚನಿಗೆ ವಿಡಿಯೋ ತೋರಿಸಿದೆ. ಎರಡೆರಡು ಸಲ ನೋಡಿದರು. "ಅಷ್ಟು ದುಡ್ಡು ಕೊಟ್ಟ ಕಾರಿನಲ್ಲಿ ಹಿಂದೆ ನಾಲ್ಕು ಜನಕ್ಕೆ ಜಾಗ ಇಲ್ವಾ?" ಎಂದು ಕೇಳಿದರು.