ಜೇನಿಗೆ ಕೊಡುವುದು ಬೆಲೆ, ಕೂಲಿಯಲ್ಲ

ಕಳೆದ ತಿಂಗಳು ಇನ್ನೊಂದು ಕರಡು ಒಪ್ಪಂದ ನನ್ನ ಮೇಜಿಗೆ ಬಂತು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳಿಂದ ಜೇನು, ನೆಲ್ಲಿಕಾಯಿ ಕೊಳ್ಳಲು ಮುಂದೆ ಬಂದ ಕಂಪನಿಯೊಂದರದು. ಉದ್ದೇಶ ಒಳ್ಳೆಯದೇ. ಆದರೆ ಮೂರನೇ ಪುಟದಲ್ಲಿ ಮತ್ತೆ ಅದೇ ಸಾಲು: ‘ಫಲಾನುಭವಿಗಳಿಗೆ ಕಿಲೋಗೆ ಇಂತಿಷ್ಟರಂತೆ ಸಂಗ್ರಹಣಾ ಕೂಲಿ.’ ಚಾಮರಾಜನಗರದಲ್ಲಿ ಅರಣ್ಯ ಹಕ್ಕಿನ ಕಡತಗಳನ್ನು ನೋಡುವ ವಕೀಲನಾಗಿ ಈ ಸಾಲನ್ನು ಎಷ್ಟು ಸಲ ಹೊಡೆದುಹಾಕಿದ್ದೇನೋ ಲೆಕ್ಕವಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(1)(ಸಿ) ತೆಗೆದು ನೋಡಿ. ಜೇನು, ನೆಲ್ಲಿಯಂಥ ಕಿರು ಅರಣ್ಯ ಉತ್ಪನ್ನವನ್ನು ಸಂಗ್ರಹಿಸುವುದು, ಬಳಸುವುದು, ಮಾರುವುದು ಎಲ್ಲವೂ ಅಲ್ಲಿದೆ. ಆದರೆ ಮೊದಲು ಬರುವ ಪದ ಮಾಲೀಕತ್ವ. ಜೇನು ಅವರದು. ತನ್ನದನ್ನು ಮಾರುವವನಿಗೆ ಸಿಗುವುದು ಬೆಲೆ. ಇನ್ನೊಬ್ಬರದನ್ನು ತಂದುಕೊಟ್ಟವನಿಗೆ ಸಿಗುವುದು ಕೂಲಿ. ಮಂಡ್ಯದ ರೈತ ಮಂಡಿಗೆ ಬೆಲ್ಲ ತಂದಾಗ ‘ಕಬ್ಬು ಕಡಿದ ಕೂಲಿ’ ಎಂದು ಚೀಟಿ ಬರೆದುಕೊಟ್ಟರೆ ಅವನು ಸುಮ್ಮನಿರುತ್ತಾನೆಯೇ?

‘ಪದ ಯಾವುದಾದರೇನು ಸಾರ್, ಕೈಗೆ ಬರುವ ದುಡ್ಡು ಅಷ್ಟೇ ತಾನೆ’ ಎನ್ನುತ್ತಾರೆ ಕೊಳ್ಳುವವರು. ಅಷ್ಟೇ ಅಲ್ಲ. ಕೂಲಿ ಎಂದು ಬರೆದರೆ ದರ ಕಟ್ಟುವವರು ನೀವು. ಪೇಟೆಯಲ್ಲಿ ಜೇನಿನ ಬೆಲೆ ಏರಿದರೆ ಅವರಿಗೆ ಪಾಲಿಲ್ಲ. ಬೆಲೆ ಎಂದು ಬರೆದರೆ ಅವರು ಚೌಕಾಸಿ ಮಾಡಬಹುದು, ಬೇರೆಯವರಿಗೆ ಮಾರಬಹುದು, ಈ ವರ್ಷ ಮಾರುವುದೇ ಇಲ್ಲ ಎನ್ನಬಹುದು. ತಾವೇ ಸೋಸಿ ಬಾಟಲಿಗೆ ತುಂಬಬಹುದು. 2012ರಲ್ಲಿ ತಿದ್ದುಪಡಿಯಾದ ನಿಯಮಗಳು ಸಂಸ್ಕರಣೆ, ಸಾಗಣೆ, ಮಾರಾಟವನ್ನೂ ಈ ಹಕ್ಕಿನೊಳಗೇ ಸೇರಿಸಿವೆ. ರಾಜಧನವಿಲ್ಲ, ಶುಲ್ಕವಿಲ್ಲ. ಸಾಗಣೆ ಪರವಾನಗಿ ಕೊಡುವುದೂ ಗ್ರಾಮಸಭೆಯ ಸಮಿತಿಯೇ. ಗ್ರಾಮಸಭೆ ಎಂದರೆ ಪೋಡಿನ, ಅಂದರೆ ಸೋಲಿಗರ ಹಾಡಿಯ, ವಯಸ್ಕರೆಲ್ಲರ ಸಭೆ, ಪಂಚಾಯಿತಿ ಕಚೇರಿ ಅಲ್ಲ.

ಈ ‘ಕೂಲಿ’ ಎಲ್ಲಿಂದ ಬಂತೆಂದು ನನಗೆ ಗೊತ್ತು. ಹಿಂದೆ ಲ್ಯಾಂಪ್ಸ್ ಎಂಬ ಆದಿವಾಸಿ ಸಹಕಾರ ಸೊಸೈಟಿಗಳು ಅರಣ್ಯ ಇಲಾಖೆಯಿಂದ ಗುತ್ತಿಗೆ ಹಿಡಿದು, ತಂದವರಿಗೆ ಕಿಲೋ ಲೆಕ್ಕದಲ್ಲಿ ಕೊಡುತ್ತಿದ್ದವು. ಆಗ ಕಾಡು ಇಲಾಖೆಯದು, ಸೋಲಿಗರು ಕೆಲಸದವರು. ಆ ಕಾಲದ ರಸೀದಿ ಪುಸ್ತಕದ ಭಾಷೆ ಇನ್ನೂ ಹೋಗಿಲ್ಲ. 1974ರಲ್ಲಿ ಅಭಯಾರಣ್ಯವಾಯಿತು, ಕಾಡೊಳಗಿನ ಪೋಡುಗಳನ್ನು ಎಬ್ಬಿಸಿ ರಸ್ತೆ ಬದಿಗೆ ತಂದರು, ಸೋಲಿಗರು ನೆಲದ ಒಣ ಎಲೆಗೆ ಹಚ್ಚುತ್ತಿದ್ದ ತರಗು ಬೆಂಕಿ ನಿಂತಿತು. 2006ರಲ್ಲಿ ಮಾರಾಟಕ್ಕಾಗಿ ಸಂಗ್ರಹಿಸುವುದೂ ನಿಂತಿತು. ಅದೇ ವರ್ಷದ ಕಾಯ್ದೆಯ ಪೀಠಿಕೆ ಇದನ್ನೆಲ್ಲ ಚಾರಿತ್ರಿಕ ಅನ್ಯಾಯ ಎಂದು ಒಪ್ಪಿಕೊಳ್ಳುತ್ತದೆ. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ 20ಕ್ಕೂ ಹೆಚ್ಚು ಗ್ರಾಮಸಭೆಗಳ ಸಮುದಾಯ ಹಕ್ಕು ಮಾನ್ಯವಾಯಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ದೇಶದಲ್ಲೇ ಮೊದಲು. ಮಂಜೂರಾಯಿತು ಎನ್ನಬೇಡಿ. ಮೊದಲೇ ಇದ್ದದ್ದನ್ನು ಸರ್ಕಾರ ಒಪ್ಪಿಕೊಂಡಿತು, ಅಷ್ಟೇ.

ಕಾಡು ಉಳಿಯುವುದೂ ಈ ಪದದ ಮೇಲೇ ನಿಂತಿದೆ ಎಂದು ನನ್ನ ನಂಬಿಕೆ. ಕಿಲೋ ಕೂಲಿಗೆ ಹೋದವನಿಗೆ ಹೆಜ್ಜೇನಿನ ಇಡೀ ಹುಟ್ಟನ್ನು ಕೊಯ್ಯುವುದೇ ಲಾಭ. ತನ್ನದೆಂದವನು ಹುಳಕ್ಕೂ ಒಂದು ಪಾಲು ಬಿಡುತ್ತಾನೆ, ಯಾಕೆಂದರೆ ಮುಂದಿನ ವರ್ಷವೂ ಅವನೇ ಬರಬೇಕು. ನೆಲ್ಲಿ ಮರದ ಕತೆ ಕೇಳಿ. ಕಾಯಿ ಇಳಿಸಲು ಮರ ಹತ್ತಿದಾಗ ಸೋಲಿಗರು ಉಪ್ಪಿಲು ಹಿಡಿದ ಕೊಂಬೆ ತರಿದು ಬರುತ್ತಿದ್ದರು. ಉಪ್ಪಿಲು ಮರದ ರಸ ಹೀರಿ ಬದುಕುವ ಬದನಿಕೆ. ತರಗು ಬೆಂಕಿ ನಿಂತು, ಮರ ಹತ್ತುವುದೂ ನಿಂತ ಮೇಲೆ ಉಪ್ಪಿಲು ಏರಿತು, ನೆಲ್ಲಿ ಸೊರಗಿತು, ಲಂಟಾನ ಕಳೆ ಹಬ್ಬಿತು ಎಂದು ಹಿರಿಯರು ಹೇಳುತ್ತಾರೆ. ಸಂಶೋಧಕರೂ ಅದನ್ನು ದಾಖಲಿಸಿದ್ದಾರೆ. ಬೆಂಕಿಯ ವಿಚಾರದಲ್ಲಿ ಇಲಾಖೆಯವರ ಅಭಿಪ್ರಾಯ ಬೇರೆಯಿದೆ, ಆ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ.

ಒಂದು ಎಚ್ಚರಿಕೆ. ಪ್ರತಿ ಹಕ್ಕುಪತ್ರದಲ್ಲಿ ಏನು ಬರೆದಿದೆ ಎಂದು ಓದಲೇಬೇಕು. ವನ್ಯಜೀವಿ ಕಾಯ್ದೆಯ ಜೊತೆಗಿನ ತಕರಾರುಗಳು ತೀರಿಲ್ಲ. ನಿಮ್ಮ ಕಡತ ನೋಡದೆ ನಾನು ಖಚಿತವಾಗಿ ಏನೂ ಹೇಳಲಾರೆ.

ಆ ಕಂಪನಿಯ ಹುಡುಗ ಬೆಂಗಳೂರಿನಿಂದ ಬೆಳಿಗ್ಗೆ 11ಕ್ಕೇ ಪೋಡಿಗೆ ಬಂದು, ಸಹಿ ಹಾಳೆ ಹಿಡಿದು ಕೂತ. ಸೇರಿದ್ದವರು 19 ಜನ. ಅರ್ಧದಷ್ಟು ಸದಸ್ಯರಿಲ್ಲದೆ, ಬಂದವರಲ್ಲಿ ಮೂರನೇ ಒಂದು ಪಾಲು ಹೆಂಗಸರಿಲ್ಲದೆ ಗ್ರಾಮಸಭೆಯೇ ಆಗುವುದಿಲ್ಲ, ಸಂಜೆವರೆಗೆ ಕಾಯಪ್ಪ ಎಂದೆ. ಪಾಪ, ಕಾದ. ಕಾಫಿ ತೋಟದ ಕೆಲಸಕ್ಕೆ ಹೋದವರು ಬಂದ ಮೇಲೆ ಕರಡನ್ನು ಜೋರಾಗಿ ಓದಿದೆ. ಮೂರನೇ ಪುಟಕ್ಕೆ ಬಂದಾಗ ಹಿಂದೆ ಕೂತಿದ್ದ ಅಜ್ಜಿಯೊಬ್ಬರು, ‘ಸಾ, ನಮ್ ಜೇನ್ಗ ನಮ್ಗೇ ಕೂಲಿಯಾ?’ ಎಂದರು.

ನಾನು ಇಷ್ಟು ವರ್ಷ ಕಲಂ ಹಿಡಿದು ವಿವರಿಸಿದ್ದು ಆ ಹುಡುಗನಿಗೆ ಆಗ ಅರ್ಥವಾಯಿತು. ಅವನೇ ಪೆನ್ನು ತೆಗೆದು ಆ ಸಾಲನ್ನು ಹೊಡೆದು ‘ಖರೀದಿ ಬೆಲೆ’ ಎಂದು ಬರೆದ. ಸಭೆ ಇನ್ನೊಂದು ಸಾಲು ಸೇರಿಸಿತು: ಈ ವರ್ಷ ಎರಡು ಬಂಡೆಗಳ ಜೇನಿಗೆ ಯಾರೂ ಹೋಗಬಾರದು. ಬಂಡೆಗಳ ಹೆಸರನ್ನು ಅಜ್ಜಿಯ ಬಾಯಿಂದ ಎರಡೆರಡು ಸಲ ಕೇಳಿ ಬರೆದುಕೊಂಡ. ನಿನ್ನೆ ಟೈಪಾಗಿ ಬಂದ ಹೊಸ ಪ್ರತಿಯಲ್ಲಿ ಒಂದರ ಕಾಗುಣಿತ ತಪ್ಪಿದೆ. ತಿದ್ದಿ ಕಳಿಸಬೇಕು.