ರ‍್ಯಾಮ್ ಬದಲಿಸುವ ಮುನ್ನ ಪ್ರೊಸೆಸರ್ ನೋಡಿ

ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿಗೆ ಹೋಗಿ "ಡಿಡಿಆರ್5 ರ‍್ಯಾಮ್ ಕೊಡಿ" ಅಂದರೆ, ಕೆಲಸ ಗೊತ್ತಿರುವವರು ಮೊದಲು ಕೇಳುವುದು "ಪ್ರೊಸೆಸರ್ ಯಾವುದು?" ಅಂತ. ಅದಕ್ಕೆ ಕಾರಣ ಇದೆ. (ಡಿಡಿಆರ್3, ಡಿಡಿಆರ್4, ಡಿಡಿಆರ್5 ಅಂದರೆ ರ‍್ಯಾಮ್‌ನ ಬೇರೆ ಬೇರೆ ತಲೆಮಾರುಗಳು.)

ರ‍್ಯಾಮ್ ಜೊತೆ ವ್ಯವಹರಿಸುವ ಮೆಮೊರಿ ಕಂಟ್ರೋಲರ್ ಹಿಂದೆ ಮದರ್‌ಬೋರ್ಡ್ ಮೇಲಿನ ನಾರ್ತ್‌ಬ್ರಿಜ್ ಚಿಪ್‌ನಲ್ಲಿ ಇರುತ್ತಿತ್ತು. ಎಎಂಡಿ 2003ರಲ್ಲಿ ಅಥ್ಲಾನ್ 64ರಲ್ಲಿ, ಇಂಟೆಲ್ 2008ರಲ್ಲಿ ಮೊದಲ ಕೋರ್ ಐ7ನಲ್ಲಿ ಅದನ್ನು ಪ್ರೊಸೆಸರ್ ಒಳಗೇ ತಂದವು. ಹಾಗಾಗಿ ಯಾವ ರ‍್ಯಾಮ್ ನಡೆಯುತ್ತದೆ ಅನ್ನುವುದನ್ನು ಮೊದಲು ಹೇಳುವುದು ಪ್ರೊಸೆಸರ್. ಬೋರ್ಡ್ ಆಮೇಲೆ.

ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಇಂಟೆಲ್ ಐ5-4460 ಪ್ರೊಸೆಸರನ್ನೇ ಉದಾಹರಣೆಗೆ ತಗೊಳ್ಳಿ. 4ನೇ ಜನರೇಷನ್, ಎಲ್‌ಜಿಎ 1150 ಸಾಕೆಟ್ (ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಜಾಗ), ಡಿಡಿಆರ್3. ಇದಕ್ಕೆ ಡಿಡಿಆರ್5 ಬೇಕು ಅಂದರೆ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರೂ ಹೊಸದು. ಎಸ್‌ಎಸ್‌ಡಿ ಉಳಿಯುತ್ತದೆ, ಕ್ಯಾಬಿನೆಟ್ ಸಾಮಾನ್ಯವಾಗಿ ಉಳಿಯುತ್ತದೆ. ಪ್ರೊಸೆಸರನ್ನು ತಣ್ಣಗಿಡುವ ಹಳೆ ಕೂಲರ್ ಮಾತ್ರ ಅನುಮಾನ: ಎಲ್‌ಜಿಎ 1150ರಲ್ಲಿ ತೂತುಗಳ ಅಂತರ 75 ಮಿ.ಮೀ., ಡಿಡಿಆರ್5 ನಡೆಯುವ ಎಲ್‌ಜಿಎ 1700 ಸಾಕೆಟ್‌ನಲ್ಲಿ 78. ಮೂರೇ ಮಿಲಿಮೀಟರ್, ಆದರೂ ಬೇರೆ ಬ್ರ್ಯಾಕೆಟ್ ಬೇಕು.

ಎಎಂಡಿಯಲ್ಲಿ ಲೆಕ್ಕ ಸಲೀಸು. ಎಎಂ4 ಸಾಕೆಟ್ ಅಂದರೆ ಡಿಡಿಆರ್4, 2022ರಲ್ಲಿ ಬಂದ ಎಎಂ5 ಅಂದರೆ ಡಿಡಿಆರ್5. ಗೊಂದಲ ಜಾಸ್ತಿ ಇರುವುದು ಇಂಟೆಲ್‌ನ ಎಲ್‌ಜಿಎ 1700ರಲ್ಲಿ. ಅದರಲ್ಲಿ ಕೂರುವ ಐ5-12400 ಪ್ರೊಸೆಸರ್ ಡಿಡಿಆರ್4, ಡಿಡಿಆರ್5 ಎರಡನ್ನೂ ಒಪ್ಪುತ್ತದೆ, ಆದರೆ ಬೋರ್ಡ್‌ಗಳು ಸಾಮಾನ್ಯವಾಗಿ ಒಂದನ್ನೇ ಒಪ್ಪುತ್ತವೆ. ಬಿ660 ಅಂತ ಚಿಪ್‌ಸೆಟ್ (ಬೋರ್ಡ್‌ನ ಮುಖ್ಯ ಚಿಪ್) ಹೆಸರು ಮಾತ್ರ ನೋಡಿ ತಂದರೆ ಸಾಲದು. ಡಿಡಿಆರ್4 ಬೋರ್ಡ್ ಆದರೆ ಎಷ್ಟೋ ಮಾಡೆಲ್ ಹೆಸರಿನ ಕೊನೆಗೆ "ಡಿ4" ಇರುತ್ತದೆ. ಕೈಯಲ್ಲಿ ಒಳ್ಳೆ ಡಿಡಿಆರ್4 ಸ್ಟಿಕ್ ಇದ್ದು, ಕೆಲಸ ಕೋಡಿಂಗ್, ಆಫೀಸ್ ಅಷ್ಟೇ ಆದರೆ, ಡಿ4 ಬೋರ್ಡೇ ಸಾಕು ಅಂತ ನನ್ನ ಅಭಿಪ್ರಾಯ. ಉಳಿದ ದುಡ್ಡು ಎಸ್‌ಎಸ್‌ಡಿಗೆ ಹಾಕಿ.

ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್. ಪಕ್ಕದಲ್ಲಿಟ್ಟು ನೋಡಿದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿ ಇರುವುದು ಕಾಣುತ್ತದೆ. ಒಂದರ ಸ್ಲಾಟ್‌ಗೆ ಇನ್ನೊಂದು ಕೂರಲ್ಲ, ಒತ್ತಲೂ ಬೇಡಿ. ವೋಲ್ಟೇಜ್ ಕೂಡ ಬೇರೆ: ಡಿಡಿಆರ್4ಗೆ 1.2, ಡಿಡಿಆರ್5ಗೆ 1.1. ಡಿಡಿಆರ್5ರಲ್ಲಿ ಪವರ್ ನಿಯಂತ್ರಿಸುವ ಚಿಪ್ ಸ್ಟಿಕ್ ಮೇಲೇ ಇರುತ್ತದೆ.

ಸಾಕೆಟ್ ಒಂದೇ ಆದರೆ ಆಯ್ತು ಅಲ್ವಾ ಅಂತ ಕೇಳುವವರಿಗೆ: ಇಲ್ಲ. ಇಂಟೆಲ್ 7ನೇ ಮತ್ತು 8ನೇ ಜನರೇಷನ್ ಎರಡೂ ಎಲ್‌ಜಿಎ 1151. ಆದರೆ 8ನೆಯದಕ್ಕೆ 300 ಸರಣಿಯ ಚಿಪ್‌ಸೆಟ್ ಬೇಕೇ ಬೇಕು. ಹಳೆ ಬೋರ್ಡ್‌ನಲ್ಲಿ ಕೂರುತ್ತದೆ, ಬೂಟ್ ಆಗಲ್ಲ.

ಎಎಂಡಿಯ ಎಎಂ4 ಸಾಕೆಟ್ ಇರುವ ಹಳೆ ಬಿ450 ಬೋರ್ಡ್‌ಗೆ ರೈಜನ್ 5 5600 ಹಾಕುವುದಾದರೆ ಬಯಾಸ್ (ಕಂಪ್ಯೂಟರ್ ಶುರು ಮಾಡುವ, ಬೋರ್ಡ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮೊದಲು, ಅದೂ ಹಳೆ ಪ್ರೊಸೆಸರ್ ಇರುವಾಗಲೇ. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಮಾಡುವ ಬಟನ್ ಕೆಲವು ಬೋರ್ಡ್‌ಗಳಲ್ಲಿ ಮಾತ್ರ ಇದೆ. ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡ್ ಏಳದೇ ಇರಬಹುದು. ಆಷಾಢದ ಮಳೆಯಲ್ಲಿ ಮೂಡಿಗೆರೆ, ಕೊಪ್ಪದ ಕಡೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ವೇಗದ ಬಗ್ಗೆ ಒಂದೇ ಮಾತು: 3200ರ ಸ್ಟಿಕ್ ಪಕ್ಕ 2666ರದ್ದು ಹಾಕಿದರೆ ಎರಡೂ 2666ರಲ್ಲೇ ಓಡುತ್ತವೆ.

ಅಂಗಡಿಗೆ ಹೋಗುವ ಮುಂಚೆ ಕಂಪ್ಯೂಟರ್ ಒಳಗೆ ಏನಿದೆ ಅಂತ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರ್ ತೆರೆದು ಪ್ರೊಸೆಸರ್, ಬೋರ್ಡ್ ಮಾಡೆಲ್, ಬಯಾಸ್ ಆವೃತ್ತಿ ಬರೆದುಕೊಳ್ಳಿ. ಬೋರ್ಡ್ ಕಂಪನಿಯ ಸೈಟ್‌ನಲ್ಲಿ ಆ ಮಾಡೆಲ್‌ನ ಸಿಪಿಯು ಪಟ್ಟಿ ಇರುತ್ತದೆ. ನಿಮಗೆ ಬೇಕಾದ ಪ್ರೊಸೆಸರ್ ಎದುರು ಯಾವ ಬಯಾಸ್‌ನಿಂದ ನಡೆಯುತ್ತದೆ ಅಂತ ಅಲ್ಲೇ ಬರೆದಿರುತ್ತದೆ.